ಕೂಸು ಬಡವಾದಾಗ: ಕುಟುಂಬ ಚಿಕಿತ್ಸೆಯನ್ನು ಕುರಿತು ಒಂದಿಷ್ಟು

ನಮ್ಮ ಸಂಪಾದಕರು ಈ ಸಂಚಿಕೆಗೆ ನನ್ನಿಂದ ಕೇಳಿದ್ದು ಔಷಧಗಳ ರಸಾಯನಶಾಸ್ತ್ರವನ್ನು ಕುರಿತ ಲೇಖನ. ಬರೆಯಲು ಕುಳಿತಾಗ ಮನಸ್ಸು ಬೇರೆ ಕಡೆಗೇ ಎಳೆಯಿತು. ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ, ಅದರ ಬೆನ್ನು ಹತ್ತಿ ನಾನು ಓದಿದ ಕೆಲವು ಪುಸ್ತಕಗಳು, ಇವೆರಡನ್ನೂ ಸೇರಿಸಿ ಬರೆದರೆ ನಮ್ಮ ಕೂಟದ ನಾಲ್ಕು ಮನೆಗಳಿಗಾದರೂ ಉಪಯೋಗವಾದೀತು ಎನ್ನಿಸಿತು. ಮನೆಯ ವಿಷಯವನ್ನು ಅಚ್ಚಿಗೆ ಕೊಡುವುದು ಸರಿಯೇ ಎಂಬ ಅಳುಕು ಇತ್ತು. ಅಮ್ಮನನ್ನೂ ಹೆಂಡತಿಯನ್ನೂ ಕೇಳಿದೆ; ಇಬ್ಬರೂ ಒಪ್ಪಿದರು. ಮಗಳು ಮಾತ್ರ ಒಂದು ಷರತ್ತು ಹಾಕಿದಳು: ತನ್ನ ಹೆಸರು ಬರಕೂಡದು. ಆದ್ದರಿಂದ ನಮ್ಮ ಮನೆಯ ಯಾರ ಹೆಸರೂ ಇಲ್ಲಿಲ್ಲ. ಇನ್ನೊಂದು ಮಾತು: ನಾನು ಮನೋವೈದ್ಯನಲ್ಲ. ನನ್ನ ಡಾಕ್ಟರ್ ಪದವಿ ರಸಾಯನಶಾಸ್ತ್ರದ್ದು. ಅದರಿಂದ ಯಾರ ತಲೆನೋವೂ ನೇರವಾಗಿ ವಾಸಿಯಾಗುವುದಿಲ್ಲ.

ಸೋಮವಾರದ ಹೊಟ್ಟೆನೋವು

2021ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ನನ್ನ ತಂದೆ ತೀರಿಕೊಂಡರು. ಕೋವಿಡ್‌ನ ಎರಡನೆಯ ಅಲೆಯ ಕಾಲ. ಭಾರತದಿಂದ ಇಲ್ಲಿಗೆ ಬರುವವರ ಮೇಲೆ ನಿರ್ಬಂಧ ಬಂದಿತ್ತು. ವೀಸಾದ ಮೇಲಿದ್ದ ನಾನು ಹೋದರೆ ಮರಳಿ ಬರುವ ಭರವಸೆ ಇರಲಿಲ್ಲ. ಅಪ್ಪನ ಅಂತ್ಯಕ್ರಿಯೆಯನ್ನು ಅಡುಗೆಮನೆಯ ಮೇಜಿನ ಮೇಲೆ ಫೋನು ನಿಲ್ಲಿಸಿಕೊಂಡು ನೋಡಿದೆ. ಮಾರನೆಯ ದಿನ ಕೆಲಸಕ್ಕೆ ಹೋದೆ. ನಮ್ಮಲ್ಲಿ ಹಲವರಿಗೆ ಇದು ಹೊಸ ಕಥೆಯಲ್ಲ.

2023ರ ಆಗಸ್ಟ್‌ನಲ್ಲಿ ಅಮ್ಮ ಎರಡನೆಯ ಸಲ ಆರು ತಿಂಗಳಿಗೆಂದು ಬಂದರು. ಆಗ ನನ್ನ ಮಗಳಿಗೆ ಹತ್ತು ವರ್ಷ. ಸೆಪ್ಟೆಂಬರಿನಲ್ಲಿ ಶಾಲೆ ತೆರೆದ ಎರಡು ವಾರಕ್ಕೆ ಅವಳಿಗೆ ಬೆಳಗಿನ ಹೊತ್ತು ಹೊಟ್ಟೆನೋವು ಶುರುವಾಯಿತು. ಮೊದಲು ಸೋಮವಾರಗಳಲ್ಲಿ, ಆಮೇಲೆ ವಾರದಲ್ಲಿ ಮೂರು ದಿನ. ಅಮ್ಮ ಓಮದ ಕಷಾಯ ಕೊಟ್ಟರು, ದೃಷ್ಟಿ ತೆಗೆದರು. ಹೆಂಡತಿ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ದಳು. ರಕ್ತಪರೀಕ್ಷೆ, ಸ್ಕ್ಯಾನ್ ಎಲ್ಲವೂ ಸರಿಯಾಗಿದ್ದವು. ನಾನು ಹಾಲನ್ನು ನಿಲ್ಲಿಸಿ ನೋಡಿದೆ, ಗೋಧಿಯನ್ನು ನಿಲ್ಲಿಸಿ ನೋಡಿದೆ, ಒಂದು ಪಟ್ಟಿಯಲ್ಲಿ ದಿನಾಂಕ ಸಹಿತ ಬರೆದಿಟ್ಟೆ. ಯಾವ ಪದಾರ್ಥಕ್ಕೂ ನೋವಿಗೂ ಸಂಬಂಧ ಕಾಣಲಿಲ್ಲ.

ಕೊನೆಗೆ ಆ ವೈದ್ಯರು ಒಂದು ಚೀಟಿ ಬರೆದುಕೊಟ್ಟರು: ಕುಟುಂಬ ಚಿಕಿತ್ಸಕರನ್ನು ಕಾಣಿ, ಮನೆಯವರೆಲ್ಲ ಒಟ್ಟಿಗೆ ಹೋಗಿ. ನನಗೆ ಕಪಾಳಕ್ಕೆ ಹೊಡೆದಂತಾಯಿತು. ಹೊಟ್ಟೆನೋವು ಮಗುವಿಗೆ, ಚಿಕಿತ್ಸೆ ನಮಗೆಲ್ಲರಿಗೂ ಏಕೆ? ಅಮ್ಮನಂತೂ ಕೇಳಿಯೇಬಿಟ್ಟರು: “ಮನೆ ವಿಷಯ ಬೀದಿಗೆ ಹಾಕೋಕೆ ಹೊರಟಿದ್ದೀಯಾ?”

ಒಬ್ಬರಿಂದ ಎಲ್ಲರ ಕಡೆಗೆ

‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂಬ ಗಾದೆ ನಮಗೆಲ್ಲ ಗೊತ್ತು. ಕೂಸು ಬಡವಾದರೆ ಕೂಸಿಗೆ ಮಾತ್ರ ಟಾನಿಕ್ ಕುಡಿಸಿ ಫಲವಿಲ್ಲ ಎಂಬುದು ಅದರ ಒಳ ಅರ್ಥ. ಆದರೆ ಮನೋವೈದ್ಯಶಾಸ್ತ್ರ ಈ ಮಾತಿಗೆ ಬಂದು ಮುಟ್ಟಲು ಬಹಳ ಕಾಲ ಹಿಡಿಯಿತು. ಫ್ರಾಯ್ಡ್‌ನ ಪರಂಪರೆಯಲ್ಲಿ ರೋಗಿ ಒಬ್ಬನೇ, ಚಿಕಿತ್ಸಕ ಒಬ್ಬನೇ. ಮನೆಯವರು ಬಂದರೆ ಚಿಕಿತ್ಸೆ ಕೆಡುತ್ತದೆ ಎಂಬ ನಂಬಿಕೆ.

ಇದು ಸಡಿಲವಾದದ್ದು 1950ರ ದಶಕದ ಅಮೆರಿಕದಲ್ಲಿ. ವಿಚಿತ್ರವೆಂದರೆ, ದಾರಿ ತೋರಿದವರಲ್ಲಿ ಪ್ರಮುಖನಾದ ಗ್ರೆಗರಿ ಬೇಟ್ಸನ್ ವೈದ್ಯನೇ ಅಲ್ಲ, ಮಾನವಶಾಸ್ತ್ರಜ್ಞ. ಜನ ಒಬ್ಬರಿಗೊಬ್ಬರು ಹೇಗೆ ಸಂದೇಶ ಕೊಡುತ್ತಾರೆ ಎಂಬುದನ್ನು ಆತ 1952ರಿಂದ ಕ್ಯಾಲಿಫೋರ್ನಿಯಾದಲ್ಲಿ ಒಂದು ಚಿಕ್ಕ ತಂಡ ಕಟ್ಟಿಕೊಂಡು ಅಭ್ಯಾಸ ಮಾಡಿದ. ಆ ತಂಡದ ಜೇ ಹೇಲಿ, ಜಾನ್ ವೀಕ್‌ಲ್ಯಾಂಡ್ ಮತ್ತು ಮನೋವೈದ್ಯ ಡಾನ್ ಜಾಕ್ಸನ್ ಜೊತೆಗೂಡಿ 1956ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ‘ಡಬಲ್ ಬೈಂಡ್’ ಎಂಬ ಕಲ್ಪನೆ ಬಂತು. ‘ಇಮ್ಮಡಿ ಇಕ್ಕಟ್ಟು’ ಎನ್ನೋಣ. ಬಾಯಿ “ಹೋಗಿ ಆಡಿಕೊಂಡು ಬಾ” ಎನ್ನುತ್ತದೆ, ಮುಖ “ಹೋದರೆ ನೋಡು” ಎನ್ನುತ್ತದೆ. ಮಗು ಹೋದರೂ ತಪ್ಪು, ಉಳಿದರೂ ತಪ್ಪು. ಈ ಇಕ್ಕಟ್ಟನ್ನು ಎತ್ತಿ ಹೇಳುವಂತೆಯೂ ಇಲ್ಲ, ಬಿಟ್ಟು ಓಡುವಂತೆಯೂ ಇಲ್ಲ.

ಜಾಕ್ಸನ್ 1957ರಲ್ಲಿ ಇನ್ನೊಂದು ಸಂಗತಿಯನ್ನು ಮುಂದಿಟ್ಟ. ಮನೆಯಲ್ಲಿ ಒಬ್ಬ ರೋಗಿ ಗುಣವಾಗುತ್ತ ಬಂದಂತೆ ಮತ್ತೊಬ್ಬರು ಹಾಸಿಗೆ ಹಿಡಿಯುವುದನ್ನು ಅವನು ಕಂಡಿದ್ದ. ಶರೀರ ತನ್ನ ಉಷ್ಣತೆಯನ್ನು ಕಾಪಾಡಿಕೊಳ್ಳುವಂತೆ ಸಂಸಾರವೂ ತನ್ನ ಸಮಸ್ಥಿತಿಯನ್ನು ಕಾಪಾಡಿಕೊಳ್ಳುತ್ತದೆ, ಆ ಸಮಸ್ಥಿತಿ ನೋವಿನದಾದರೂ ಸರಿಯೇ ಎಂದ. ಇದನ್ನು ಓದಿದಾಗ ನನಗೆ ಪರಿಚಿತರ ಮನೆಗೆ ಬಂದಂತಾಯಿತು. ನಾವು ಕಾಲೇಜಿನಲ್ಲಿ ಲೆ ಶಾಟಲಿಯರ್ ತತ್ವ ಓದಿಲ್ಲವೇ? ಸಮತೋಲದಲ್ಲಿರುವ ರಾಸಾಯನಿಕ ಕ್ರಿಯೆಯನ್ನು ನೀವು ಒಂದು ಕಡೆಯಿಂದ ಅಲುಗಿಸಿದರೆ, ಅದು ಆ ಅಲುಗಾಟವನ್ನು ತಗ್ಗಿಸುವ ಕಡೆಗೇ ಸರಿಯುತ್ತದೆ. ಒತ್ತಡ ಹೆಚ್ಚಿಸಿದರೆ ಗಾತ್ರ ಕುಗ್ಗುವ ಕಡೆಗೆ. ಶಾಖ ಕೊಟ್ಟರೆ ಶಾಖ ಹೀರುವ ಕಡೆಗೆ. ಒಂದೇ ಅಣುವನ್ನು ಹಿಡಿದು ಬೈದರೆ ಪ್ರಯೋಜನವಿಲ್ಲ.

ಹೋಲಿಕೆಗೆ ಮಿತಿಯೂ ಉಂಟು. ಅಣುಗಳಿಗೆ ನೆನಪಿಲ್ಲ, ಅವಮಾನವಿಲ್ಲ. ಮನುಷ್ಯರಿಗೆ ಎರಡೂ ಉಂಟು. ಈ ಮಾತನ್ನು ಮರೆತಾಗಲೆಲ್ಲ ಈ ಶಾಸ್ತ್ರ ಎಡವಿದೆ; ಅದನ್ನು ಮುಂದೆ ಹೇಳುತ್ತೇನೆ.

ನಾಲ್ಕೈದು ದಾರಿಗಳು

ಕುಟುಂಬ ಚಿಕಿತ್ಸೆ ಎಂದರೆ ಒಂದೇ ಪದ್ಧತಿಯಲ್ಲ. ಅಡುಗೆ ಒಂದೇ ಆದರೂ ಮೈಸೂರಿನ ಸಾರು ಬೇರೆ, ಮಂಗಳೂರಿನ ಸಾರು ಬೇರೆ ಎಂಬಂತೆ ಇಲ್ಲೂ ಹಲವು ಮನೆತನಗಳು.

ಮರೀ ಬೋವೆನ್ 1954ರಿಂದ 1959ರವರೆಗೆ ವಾಷಿಂಗ್ಟನ್ ಸಮೀಪದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ರೋಗಿಗಳ ಜೊತೆಗೆ ಅವರ ತಾಯಂದಿರನ್ನೂ, ಆಮೇಲೆ ಇಡೀ ಸಂಸಾರಗಳನ್ನೂ ಆಸ್ಪತ್ರೆಯಲ್ಲಿ ಇರಿಸಿಕೊಂಡು ಗಮನಿಸಿದ. ಅವನ ಮುಖ್ಯ ಮಾತು ‘ತ್ರಿಕೋನ’. ಇಬ್ಬರ ನಡುವೆ ಬಿಗುವು ಹೆಚ್ಚಿದಾಗ ಅವರು ಮೂರನೆಯವರನ್ನು ಎಳೆದುಕೊಳ್ಳುತ್ತಾರೆ. ಆಗ ಇಬ್ಬರಿಗೆ ಹಗುರ, ಮೂರನೆಯವರಿಗೆ ಭಾರ. ಮನೆಯ ಹಿರಿಯರೊಬ್ಬರ ಸಾವಿನ ನಂತರ ತಿಂಗಳುಗಳಲ್ಲಿ, ಕೆಲವೊಮ್ಮೆ ವರ್ಷಗಳಲ್ಲಿ, ಸಂಬಂಧವೇ ಇಲ್ಲವೆಂಬಂತೆ ತೋರುವ ಕಾಯಿಲೆ, ಜಗಳ, ಸೋಲುಗಳು ಆ ಸಂಸಾರದ ಬೇರೆ ಬೇರೆ ಮೂಲೆಗಳಲ್ಲಿ ಏಳುವುದನ್ನೂ ಅವನು ಗುರುತಿಸಿದ. ಮೂರು ತಲೆಮಾರುಗಳ ನಕ್ಷೆ ಬರೆಯುವ ರೂಢಿ ಈ ಪಂಥದ್ದು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ತೀರಿಕೊಂಡವರಿಗೆ ಅಡ್ಡಗೀಟು, ಮನಸ್ತಾಪಕ್ಕೆ ಅಂಕುಡೊಂಕು ಗೆರೆ. ಬೆಂಜೀನ್ ಉಂಗುರ ಬರೆದು ಬೆಳೆದವನಿಗೆ ಇದು ಕೂಡಲೇ ಹಿಡಿಸುತ್ತದೆ.

ಎರಡನೆಯವನು ಸಾಲ್ವಡೋರ್ ಮಿನುಚಿನ್. 1921ರಲ್ಲಿ ಆರ್ಜೆಂಟೀನಾದಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ ಈತ ಕೆಲಸ ಮಾಡಿದ್ದು ನಾವಿರುವ ಈ ಫಿಲಡೆಲ್ಫಿಯಾದಲ್ಲೇ. 1965ರಲ್ಲಿ ಇಲ್ಲಿನ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯದ ನಿರ್ದೇಶಕನಾದ. ಮನೆಗೆ ಒಂದು ಚೌಕಟ್ಟಿದೆ. ದೊಡ್ಡವರ ಪಂಕ್ತಿ ಯಾವುದು, ಮಕ್ಕಳ ಪಂಕ್ತಿ ಯಾವುದು ಎಂಬ ಗೆರೆ ಅಳಿಸಿಹೋದಾಗ ತೊಂದರೆ ಬರುತ್ತದೆ ಎಂಬುದು ಅವನ ವಾದ. ಅವನು ಮಾತು ಕೇಳಿ ಸುಮ್ಮನಿರುವವನಲ್ಲ. ಕುರ್ಚಿ ಬದಲಾಯಿಸಿ ಕೂರಿಸುತ್ತಿದ್ದ. ಊಟ ಬಿಟ್ಟ ಹುಡುಗಿಯ ಮನೆಯವರೊಡನೆ ಊಟಕ್ಕೇ ಕೂತು ಚಿಕಿತ್ಸೆ ನಡೆಸುತ್ತಿದ್ದ.

ರಸಾಯನಶಾಸ್ತ್ರಜ್ಞನಾಗಿ ನಾನು ಬೆರಗಾದದ್ದು ಅವನ ತಂಡದ ಒಂದು ಪ್ರಯೋಗಕ್ಕೆ. ಕೆಲವು ಮಧುಮೇಹಿ ಮಕ್ಕಳು ಆಸ್ಪತ್ರೆಯಲ್ಲಿದ್ದಾಗ ಇನ್ಸುಲಿನ್‌ಗೆ ಸರಿಯಾಗಿ ಬಗ್ಗುತ್ತಿದ್ದರು, ಮನೆಗೆ ಹೋದರೆ ಮತ್ತೆ ಮತ್ತೆ ರಕ್ತದಲ್ಲಿ ಆಮ್ಲ ಏರಿ ವಾಪಸು ಬರುತ್ತಿದ್ದರು. ಗಾಬರಿಯಾದಾಗ ಶರೀರ ಕೊಬ್ಬನ್ನು ಒಡೆಯುತ್ತದೆ. ಆಗ ಬಿಡಿ ಕೊಬ್ಬಿನಾಮ್ಲಗಳು ರಕ್ತದಲ್ಲಿ ನಿಮಿಷಗಳಲ್ಲಿ ಏರುತ್ತವೆ. ಮಿನುಚಿನ್, ಮಕ್ಕಳ ವೈದ್ಯ ಲೆಸ್ಟರ್ ಬೇಕರ್ ಮತ್ತು ಬರ್ನಿಸ್ ರಾಸ್ಮನ್ ಇದನ್ನೇ ಅಳತೆಗೋಲು ಮಾಡಿಕೊಂಡರು. ತಂದೆತಾಯಿ ಒಂದು ಕೋಣೆಯಲ್ಲಿ ತಮ್ಮ ಭಿನ್ನಾಭಿಪ್ರಾಯ ಮಾತಾಡಬೇಕು. ಮಗು ಒಂದು ಕಡೆಯಿಂದ ಮಾತ್ರ ಕಾಣುವ ಕನ್ನಡಿಯ ಹಿಂದಿನಿಂದ ನೋಡಬೇಕು. ಆಮೇಲೆ ಒಳಗೆ ಬರಬೇಕು. ಈ ಹೊತ್ತಿನಲ್ಲೆಲ್ಲ ರಕ್ತದ ಮಾದರಿ ತೆಗೆದರು. ಆ ಮಕ್ಕಳ ರಕ್ತದಲ್ಲಿ ಕೊಬ್ಬಿನಾಮ್ಲ ಏರಿತು, ಮಾತುಕತೆ ಮುಗಿದ ಮೇಲೂ ಇಳಿಯಲಿಲ್ಲ. ಮಗು ಒಳಗೆ ಬಂದಾಗ ಹೆತ್ತವರಲ್ಲಿ ಇಳಿಯಿತು! 1978ರಲ್ಲಿ ಬಂದ ಅವರ ಪುಸ್ತಕದಲ್ಲಿ ಇದರ ವಿವರವಿದೆ. ಸಂಸಾರಗಳ ಸಂಖ್ಯೆ ಚಿಕ್ಕದು, ತೀರ್ಮಾನ ದೊಡ್ಡದು ಎಂದು ಮುಂದೆ ಬೇರೆಯವರು ಆಕ್ಷೇಪಿಸಿದರು, ಆಕ್ಷೇಪ ನ್ಯಾಯವಾದದ್ದೇ. ಮಕ್ಕಳಿಗೆ ಬರುವ ಮಧುಮೇಹಕ್ಕೆ ಕಾರಣ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ತಯಾರಿಸುವ ಕೋಶಗಳ ನಾಶ, ಮನೆಯ ಜಗಳವಲ್ಲ. ಆದರೂ ಜಗಳದ ಭಾರ ಮಗುವಿನ ರಕ್ತದಲ್ಲಿ ಕಂಡ ಆ ಚಿತ್ರ ನನ್ನ ತಲೆಯಿಂದ ಹೋಗಿಲ್ಲ.

ಮೂರನೆಯದು ಪಾಲೊ ಆಲ್ಟೊದ ಪಂಥ. ಜಾಕ್ಸನ್ ಅಲ್ಲಿ ಸ್ಥಾಪಿಸಿದ ಸಂಸ್ಥೆಯಲ್ಲಿ ಪೌಲ್ ವಾಟ್ಸ್‌ಲಾವಿಕ್, ವೀಕ್‌ಲ್ಯಾಂಡ್ ಮತ್ತು ರಿಚರ್ಡ್ ಫಿಶ್ ಹತ್ತು ಭೇಟಿಗಳಲ್ಲಿ ಮುಗಿಸುವ ಕಿರು ಚಿಕಿತ್ಸೆ ರೂಪಿಸಿದರು. ತೊಂದರೆ ಉಳಿಯುವುದು ನಾವು ಅದಕ್ಕೆ ಮಾಡುತ್ತಿರುವ ಪರಿಹಾರದಿಂದಲೇ ಎಂದು 1974ರಲ್ಲಿ ಬರೆದರು. ಮಗ ಮಾತಾಡುವುದಿಲ್ಲವೆಂದು ತಂದೆ ಪೀಡಿಸುತ್ತಾನೆ, ಪೀಡಿಸಿದಷ್ಟೂ ಮಗ ಮೌನಿಯಾಗುತ್ತಾನೆ. ಇಲ್ಲಿ ಹಳೆಯ ಕಾರಣ ಹುಡುಕುವ ಮೊದಲು ಪೀಡಿಸುವುದನ್ನು ನಿಲ್ಲಿಸಿ ನೋಡಿ ಎನ್ನುತ್ತಾರೆ.

ನಾಲ್ಕನೆಯದು ಇಟಲಿಯ ಮಿಲಾನಿನದು. ಮಾರಾ ಸೆಲ್ವಿನಿ ಪಲಾಟ್ಸೋಲಿ ಮತ್ತು ಮೂವರು ಸಂಗಡಿಗರು ಸಂಸಾರವನ್ನು ತಿಂಗಳಿಗೊಮ್ಮೆ ಮಾತ್ರ ಕಾಣುತ್ತಿದ್ದರು. ದೂರದಿಂದ ಬರುವವರ ಅನುಕೂಲಕ್ಕೆಂದು ಹೀಗೆ ಮಾಡಿದ್ದು ಚಿಕಿತ್ಸೆಗೂ ಒಳ್ಳೆಯದಾಯಿತು. ಅವರ ಕೊಡುಗೆ ‘ಸುತ್ತುಪ್ರಶ್ನೆ’. “ನಿಮಗೆ ಸಿಟ್ಟು ಬರುತ್ತದೆಯೇ?” ಎಂದು ಕೇಳುವುದಿಲ್ಲ. “ಅಮ್ಮನಿಗೆ ಸಿಟ್ಟು ಬಂದಾಗ ಮೊದಲು ಗಮನಿಸುವವರು ಯಾರು? ಆಗ ಅಜ್ಜಿ ಏನು ಮಾಡುತ್ತಾರೆ?” ಎಂದು ಮೂರನೆಯವರನ್ನು ಕೇಳುತ್ತಾರೆ. ಕೇಳಿದ ಕೂಡಲೇ ಇಡೀ ಸರಪಣಿ ಕಣ್ಣಿಗೆ ಬೀಳುತ್ತದೆ.

ಇತ್ತೀಚಿನದು ಆಸ್ಟ್ರೇಲಿಯಾದ ಮೈಕಲ್ ವೈಟ್ ಮತ್ತು ನ್ಯೂಜಿಲೆಂಡಿನ ಡೇವಿಡ್ ಎಪ್ಸ್ಟನ್ 1990ರ ತಮ್ಮ ಪುಸ್ತಕದಲ್ಲಿ ವಿವರಿಸಿದ ದಾರಿ. ಮನುಷ್ಯನೇ ತೊಂದರೆಯಲ್ಲ, ತೊಂದರೆಯೇ ತೊಂದರೆ ಎಂಬುದು ಅದರ ತಳಹದಿ. ‘ಹೆದರುಪುಕ್ಕಲ ಹುಡುಗ’ ಎನ್ನುವ ಬದಲು ‘ಹೆದರಿಕೆ ಇವನನ್ನು ಯಾವಾಗ ಹಿಡಿಯುತ್ತದೆ, ಯಾವಾಗ ಇವನು ಅದನ್ನು ಓಡಿಸಿದ್ದಾನೆ’ ಎಂದು ಕೇಳುತ್ತಾರೆ.

ಎಡವಿದ್ದು ಎಲ್ಲಿ

ಈ ಶಾಸ್ತ್ರದ ತಪ್ಪುಗಳನ್ನು ಮುಚ್ಚಿಡುವುದು ಸರಿಯಲ್ಲ. ಮೊದಲನೆಯದು ತಾಯಂದಿರಿಗೆ ಮಾಡಿದ ಅನ್ಯಾಯ. ಸ್ಕಿಜೋಫ್ರೇನಿಯಾ ಕಾಯಿಲೆಯನ್ನು ತಾಯಿಯ ನಡತೆಯೇ ಹುಟ್ಟಿಸುತ್ತದೆಂಬ ಅರ್ಥದ ಪದವೊಂದು 1948ರಲ್ಲೇ ಚಲಾವಣೆಗೆ ಬಂದಿತ್ತು. ಡಬಲ್ ಬೈಂಡ್ ಸಿದ್ಧಾಂತ ಆ ಬೆಂಕಿಗೆ ತುಪ್ಪ ಸುರಿಯಿತು. ಮಗನ ಕಾಯಿಲೆಯಿಂದ ಬೆಂದಿದ್ದ ತಾಯಂದಿರು ಅಪರಾಧದ ಹೊರೆಯನ್ನೂ ಹೊತ್ತರು. ಮುಂದಿನ ಸಂಶೋಧನೆ ಇದನ್ನು ಎತ್ತಿಹಿಡಿಯಲಿಲ್ಲ. ಆ ಕಾಯಿಲೆಯಲ್ಲಿ ಅನುವಂಶೀಯತೆಯ ಪಾತ್ರ ದೊಡ್ಡದು. ಈಗ ಅಂಥ ಸಂಸಾರವನ್ನು ಚಿಕಿತ್ಸಕರು ಕರೆಯುವುದು ತಪ್ಪು ಹುಡುಕಲಿಕ್ಕಲ್ಲ. ಕಾಯಿಲೆಯ ಬಗ್ಗೆ ತಿಳಿಸಿ, ಬೈಗುಳ ಮತ್ತು ಬಿಗುವು ಕಡಿಮೆ ಮಾಡುವ ಬಗೆ ಕಲಿಸಲಿಕ್ಕೆ. ಔಷಧದ ಜೊತೆಗೆ ಇದೂ ಸೇರಿದರೆ ಕಾಯಿಲೆ ಮರುಕಳಿಸುವುದು ಕಡಿಮೆಯಾಗುತ್ತದೆಂದು ಹಲವು ಪ್ರಯೋಗಗಳು ತೋರಿಸಿವೆ.

ಎರಡನೆಯದು ಹೆಂಗಸರ ವಿಷಯ. ಎಲ್ಲವೂ ಸುತ್ತಿನಲ್ಲಿ ನಡೆಯುತ್ತದೆ, ಎಲ್ಲರೂ ಪಾಲುದಾರರು ಎಂಬ ಮಾತು ಗಂಡ ಹೆಂಡತಿಯನ್ನು ಹೊಡೆಯುವ ಮನೆಯಲ್ಲಿ ಅಪಾಯಕರ. ಹೊಡೆತ ತಿಂದವಳನ್ನೂ ಪಾಲುದಾರಳೆಂದರೆ ಅದು ಶಾಸ್ತ್ರವಲ್ಲ. ರೇಚೆಲ್ ಹೇರ್-ಮಸ್ಟಿನ್ 1978ರಲ್ಲಿ ಬರೆದ ಲೇಖನ ಮನೆಯೊಳಗೆ ಗಂಡುಹೆಣ್ಣಿಗೆ ಇರುವ ಬಲದ ವ್ಯತ್ಯಾಸವನ್ನು ಚಿಕಿತ್ಸಕರ ಮುಂದಿಟ್ಟಿತು. ಭಯವಿರುವ ಮನೆಯಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸುವ ಮೊದಲು ಅವಳ ರಕ್ಷಣೆ ಆಗಬೇಕು. ನಮ್ಮ ಪಕ್ಕದ ನ್ಯೂಜರ್ಸಿಯಲ್ಲಿ 1985ರಲ್ಲೇ ಮಾನವಿ ಎಂಬ ಸಂಸ್ಥೆ ದಕ್ಷಿಣ ಏಷ್ಯಾದ ಹೆಂಗಸರ ರಕ್ಷಣೆಗಾಗಿಯೇ ಹುಟ್ಟಿತೆಂಬುದು ನಮ್ಮ ನಡುವೆಯೂ ಈ ಸಂಕಟ ಉಂಟೆಂಬುದಕ್ಕೆ ಸಾಕ್ಷಿ.

ಮೂರನೆಯದು ಪಾಶ್ಚಾತ್ಯ ಸಂಸಾರವನ್ನೇ ಅಳತೆಗೋಲು ಮಾಡಿಕೊಂಡದ್ದು. ಹದಿನೆಂಟಕ್ಕೆ ಮನೆ ಬಿಡುವುದೇ ಆರೋಗ್ಯದ ಲಕ್ಷಣವಾದರೆ ನಮ್ಮಲ್ಲಿ ಅರ್ಧ ಊರು ರೋಗಿಗಳ ಪಟ್ಟಿಗೆ ಸೇರಬೇಕಾಗುತ್ತದೆ. ಈ ಅರಿವು ಮೂಡಿ 1982ರಿಂದೀಚೆಗೆ ಬೇರೆ ಬೇರೆ ಜನಾಂಗಗಳ ಸಂಸಾರಗಳನ್ನು ಕುರಿತ ಪುಸ್ತಕಗಳು ಬಂದಿವೆ. ಗೆದ್ದದ್ದನ್ನೂ ಹೇಳಬೇಕು. ಊಟ ಬಿಡುವ ಅನೊರೆಕ್ಸಿಯಾ ಕಾಯಿಲೆಯಲ್ಲಿ, ಹರೆಯದವರಿಗೆ ಬೇಗನೆ ಶುರು ಮಾಡಿದ ಕುಟುಂಬ ಚಿಕಿತ್ಸೆ ಒಬ್ಬರಿಗೇ ಕೊಡುವ ಚಿಕಿತ್ಸೆಗಿಂತ ಫಲಕಾರಿ ಎಂದು ಲಂಡನ್ನಿನ ಪ್ರಯೋಗ 1987ರಲ್ಲಿ ತೋರಿಸಿತು. ಅಲ್ಲಿ ತಂದೆತಾಯಿ ಅಪರಾಧಿಗಳಲ್ಲ. ಮಗುವಿಗೆ ಮತ್ತೆ ಉಣ್ಣಿಸುವ ಮುಖ್ಯ ಕೆಲಸಗಾರರು.

ಕಲಿಯುವ ಬಗೆ

ಶಸ್ತ್ರಚಿಕಿತ್ಸೆ ಕಲಿಯುವವನು ಗುರುವಿನ ಎದುರಿಗೇ ಕತ್ತರಿ ಹಿಡಿಯುತ್ತಾನೆ. ಮಾತಿನ ಚಿಕಿತ್ಸೆ ಕಲಿಯುವವನು ಮಾತ್ರ ಬಾಗಿಲು ಹಾಕಿಕೊಂಡು ನಡೆಸಿ, ಆಮೇಲೆ ಗುರುವಿಗೆ ವರದಿ ಒಪ್ಪಿಸುತ್ತಿದ್ದ. ಕುಟುಂಬ ಚಿಕಿತ್ಸೆಯವರು ಈ ಬಾಗಿಲು ತೆರೆದರು. ಕಲಿಯುವವನು ಸಂಸಾರದ ಜೊತೆ ಕೂರುತ್ತಾನೆ. ಕನ್ನಡಿಯ ಹಿಂದೆ ಗುರು ಮತ್ತು ಸಹಪಾಠಿಗಳು. ಶಿಷ್ಯ ದಾರಿ ತಪ್ಪಿದರೆ ಕೋಣೆಯ ಫೋನು ಬಾರಿಸುತ್ತದೆ. ಸಂಸಾರದ ಒಪ್ಪಿಗೆ ಪಡೆದೇ ಇದೆಲ್ಲ ನಡೆಯುವುದು.

1960ರ ದಶಕದ ಕೊನೆಗೆ ಹೇಲಿ, ಮಿನುಚಿನ್ ಮತ್ತು ಬ್ರೌಲಿಯೊ ಮೊಂಟಾಲ್ವೊ ಫಿಲಡೆಲ್ಫಿಯಾದ ಬಡ ಕೇರಿಗಳಿಂದ ಪದವಿಯಿಲ್ಲದ ಜನರನ್ನು ಆಯ್ದು, ಕನ್ನಡಿಯ ಹಿಂದೆ ಕೂತು, ಚಿಕಿತ್ಸಕರನ್ನಾಗಿ ತಯಾರು ಮಾಡಿದರು. ಆ ಮನೆಗಳ ಭಾಷೆ ಬಲ್ಲವರೇ ಆ ಮನೆಗಳಿಗೆ ಬೇಕೆಂಬುದು ಅವರ ಲೆಕ್ಕ. ಬೋವೆನ್ ಪಂಥದಲ್ಲಿ ಕಲಿಯುವವನು ಮೊದಲು ತನ್ನ ಮನೆಯ ನಕ್ಷೆ ಬರೆದು, ತನ್ನ ಊರಿಗೇ ಹೋಗಿ, ಮಾತುಬಿಟ್ಟ ಚಿಕ್ಕಪ್ಪನೊಡನೆ ಮಾತಾಡಿ ಬರಬೇಕು. ಬೋವೆನ್ ಸ್ವತಃ 1967ರ ಒಂದು ಸಮ್ಮೇಳನದಲ್ಲಿ ಪ್ರಬಂಧ ಓದುವ ಬದಲು ತನ್ನ ಮನೆಯ ಕಥೆಯನ್ನೇ ಹೇಳಿ ಸಭಿಕರನ್ನು ಬೆಚ್ಚಿಬೀಳಿಸಿದ. ನಾರ್ವೆಯ ಟಾಮ್ ಆಂಡರ್ಸನ್ 1985ರಲ್ಲಿ ಇನ್ನೂ ಒಂದು ಹೆಜ್ಜೆ ಹೋದ. ಕನ್ನಡಿಯ ಹಿಂದಿನ ತಂಡ ಏನು ಮಾತಾಡಿಕೊಳ್ಳುತ್ತದೆಂಬುದನ್ನು ಸಂಸಾರವೇ ಕೂತು ಕೇಳುವಂತೆ ದೀಪಗಳನ್ನು ಅದಲುಬದಲು ಮಾಡಿದ. ಯಾರ ಬೆನ್ನ ಹಿಂದೆಯೂ ಮಾತಿಲ್ಲ.

ನಮ್ಮ ನಾಡಿನಲ್ಲಿ

ಮನೆಯವರನ್ನು ಚಿಕಿತ್ಸೆಗೆ ಸೇರಿಸುವುದು ನಮಗೆ ಪಶ್ಚಿಮದಿಂದ ಬಂದ ಪಾಠ ಮಾತ್ರವಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ಮನೆಯವರು ಕಾಯಿಲೆಯನ್ನು ಅರಿತರು, ರೋಗಿಗಳು ಬೇಗ ಊರು ಸೇರಿದರು. ಬೆಂಗಳೂರಿನ ನಿಮ್ಹಾನ್ಸ್ ನಮಗೆಲ್ಲ ಗೊತ್ತಿದ್ದದ್ದೇ. 1954ರ ಅಖಿಲ ಭಾರತ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ ಕೂಡಿ 1974ರಲ್ಲಿ ಈ ರೂಪ ಬಂತು. ಅಲ್ಲಿ ಕುಟುಂಬವನ್ನು ಒಟ್ಟಾಗಿ ನೋಡುವ ಪ್ರತ್ಯೇಕ ಕೇಂದ್ರವೇ ಇದೆ. ‘ನಿಮ್ಹಾನ್ಸಿಗೆ ಹೋಗು’ ಎಂಬುದನ್ನು ಕಾಲೇಜಿನಲ್ಲಿ ಬೈಗುಳವಾಗಿ ಬಳಸಿದ ಪಾಪ ನನ್ನದೂ ಇದೆ.

1987ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವೂ ಮುಖ್ಯ. ಸ್ಕಿಜೋಫ್ರೇನಿಯಾ ರೋಗಿಗಳ ಮನೆಯವರನ್ನು ಚಂಡೀಗಢದಲ್ಲೂ ಲಂಡನ್ನಿನಲ್ಲೂ ಮಾತಾಡಿಸಿ ಹೋಲಿಸಿದಾಗ, ಚಂಡೀಗಢದ ಮನೆಯವರಲ್ಲಿ ಟೀಕೆ ಕಡಿಮೆ ಕಂಡಿತು. ಇದನ್ನು ಓದಿ ಎದೆ ಉಬ್ಬಿಸಿಕೊಳ್ಳುವ ಮೊದಲು ಯೋಚಿಸಬೇಕು: ಅಲ್ಲಿ ಹತ್ತು ಜನ ಹೊರುತ್ತಿದ್ದ ಭಾರವನ್ನು ಇಲ್ಲಿ ನಾವು ಇಬ್ಬರು ಹೊರುತ್ತೇವೆ, ಅದೂ ಬಾಗಿಲು ಹಾಕಿಕೊಂಡು.

ನಮ್ಮ ಮನೆಯ ಏಳು ಭೇಟಿಗಳು

ಈಗ ಮತ್ತೆ ನಮ್ಮ ಮನೆಗೆ. ಅಕ್ಟೋಬರಿನ ಒಂದು ಗುರುವಾರ ನಾಲ್ವರೂ ಹೋದೆವು. ಅಮ್ಮನಿಗೆ ಇಂಗ್ಲಿಷ್ ಬಾರದು. ಅಂಗಡಿಯಲ್ಲಿ, ದಂತವೈದ್ಯರಲ್ಲಿ ಮಗಳೇ ದುಭಾಷಿ. ಇಲ್ಲೂ ಅವಳೇ ಹೇಳುತ್ತಾಳೆ ಎಂದೆ. ಚಿಕಿತ್ಸಕಿ ಖಂಡಿತ ಬೇಡವೆಂದರು. ದೊಡ್ಡವರ ಮಾತನ್ನು ಮಗುವಿನ ಬಾಯಿಂದ ದಾಟಿಸಬಾರದು ಎಂದು ಹೇಳಿ, ಫೋನಿನಲ್ಲಿ ಕನ್ನಡ ಬಲ್ಲ ದುಭಾಷಿಯೊಬ್ಬರನ್ನು ಗೊತ್ತುಮಾಡಿದರು. ಮಗಳು ನಿಟ್ಟುಸಿರು ಬಿಟ್ಟು ಕುರ್ಚಿಗೆ ಒರಗಿದ್ದನ್ನು ನಾನು ನೋಡಿದೆ.

ಎರಡನೆಯ ಭೇಟಿಯಲ್ಲಿ ಮಗಳು ಅಜ್ಜಿಯ ಪಕ್ಕದಲ್ಲಿ ಮಲಗುವ ವಿಷಯ ಬಂತು. ನನಗೆ ರೇಗಿತು, ಇವರು ಈಗ ನಮ್ಮ ಪದ್ಧತಿಗೆ ರೋಗದ ಹೆಸರಿಡುತ್ತಾರೆ ಎಂದುಕೊಂಡೆ. ಅವರು ಅಮ್ಮನನ್ನೇ ಕೇಳಿದರು: “ನಿಮ್ಮ ಊರಿನಲ್ಲಿ ಮಕ್ಕಳು ಎಲ್ಲಿ ಮಲಗುತ್ತಾರೆ?” ಅಮ್ಮ ನಕ್ಕು, “ಎಲ್ಲಿ ಜಾಗ ಇರತ್ತೋ ಅಲ್ಲಿ” ಎಂದರು. ಮಲಗುವುದಲ್ಲ ಮುಖ್ಯ, ಮಲಗಿದಾಗ ಮಗು ಯಾರ ದುಃಖ ಕೇಳುತ್ತದೆ ಎಂಬುದು ಮುಖ್ಯ ಎಂದು ಚಿಕಿತ್ಸಕಿ ಹೇಳಿದರು. ಅಮ್ಮ ಸುಮ್ಮನಾದರು.

ಮೂರನೆಯ ಭೇಟಿಯಲ್ಲಿ ಮಗಳಿಗೆ ಒಂದು ಸುತ್ತುಪ್ರಶ್ನೆ ಬಂತು: “ಅಜ್ಜಿಗೂ ಅಮ್ಮನಿಗೂ ಮಾತು ನಿಂತಾಗ ಅಪ್ಪ ಏನು ಮಾಡ್ತಾರೆ?” ಅವಳು ಯೋಚಿಸಲೇ ಇಲ್ಲ. “ಅಪ್ಪ ಲ್ಯಾಬಿಗೆ ಹೋಗ್ತಾರೆ” ಎಂದಳು. “ಹೊಟ್ಟೆನೋವು ಬಂದ ದಿನ?” “ಆವತ್ತು ಹೋಗಲ್ಲ. ಅಜ್ಜಿನೂ ಅಮ್ಮನೂ ನನ್ನ ವಿಷಯ ಮಾತಾಡ್ಕೋತಾರೆ.”

ಅವಳು ನಟಿಸುತ್ತಿರಲಿಲ್ಲ, ನೋವು ನಿಜವಾದದ್ದೇ. ಆದರೆ ನನ್ನ ದಿನಾಂಕದ ಪಟ್ಟಿಯಲ್ಲಿ ಹಾಲು, ಗೋಧಿ ಎಲ್ಲ ಇತ್ತು, ನಾನು ಮನೆಯಲ್ಲಿದ್ದೆನೇ ಎಂಬ ಕಲಂ ಇರಲಿಲ್ಲ.

ನಾಲ್ಕನೆಯದರಲ್ಲಿ ಮನೆಯ ನಕ್ಷೆ ಬರೆದೆವು. ಅಪ್ಪನ ಚೌಕಕ್ಕೆ ಅಡ್ಡಗೀಟು ಹಾಕಲು ಪೆನ್ಸಿಲ್ ನನ್ನ ಕೈಗೆ ಬಂತು. ಹಾಕಲಾಗಲಿಲ್ಲ. ಎರಡೂವರೆ ವರ್ಷದಲ್ಲಿ ನಾನು ಅಮ್ಮನೆದುರು ಅಪ್ಪನ ವಿಷಯ ಎತ್ತಿರಲಿಲ್ಲ, ಅವರಿಗೆ ನೋವಾದೀತೆಂದು. ಅವರೂ ಎತ್ತಿರಲಿಲ್ಲ, ನನಗೆ ನೋವಾದೀತೆಂದು. ರಾತ್ರಿ ದೀಪ ಆರಿದ ಮೇಲೆ ಮೊಮ್ಮಗಳಿಗೆ ಹೇಳುತ್ತಿದ್ದರು. ಅಪ್ಪನನ್ನು ನೆನೆದು ಅತ್ತೆ ಮಂಕಾಗಿದ್ದದ್ದನ್ನು ತನ್ನ ಮೇಲಿನ ಅಸಮಾಧಾನವೆಂದು ಹೆಂಡತಿ ತಿಳಿದಿದ್ದಳು. ಅಮ್ಮ ಪೆನ್ಸಿಲ್ ತೆಗೆದುಕೊಂಡು ತಾವೇ ಗೀಟು ಹಾಕಿದರು. ಹೊರಗೆ ಕಾರಿನಲ್ಲಿ ಕೂತಾಗ, “ಇಷ್ಟು ದಿನ ಯಾರೂ ಕೇಳಿರ್ಲಿಲ್ಲ, ಅದಕ್ಕೇ ಹೇಳಿರ್ಲಿಲ್ಲ” ಎಂದರು.

ಫೆಬ್ರವರಿಯಲ್ಲಿ ಅಮ್ಮ ಊರಿಗೆ ಹೊರಡುವ ಹೊತ್ತಿಗೆ ಏಳು ಭೇಟಿಗಳಾಗಿದ್ದವು. ಹೊಟ್ಟೆನೋವು ಪೂರ್ತಿ ಹೋಯಿತೆಂದು ಹೇಳಲಾರೆ. ತಿಂಗಳಿಗೊಮ್ಮೆ ಬಂದು ಹೋಗುತ್ತಿತ್ತು, ಶಾಲೆ ತಪ್ಪುತ್ತಿರಲಿಲ್ಲ. ಅತ್ತೆಸೊಸೆಗೆ ಈಗಲೂ ಹುಳಿಗೆ ಬೆಲ್ಲ ಹಾಕುವ ವಿಷಯದಲ್ಲಿ ಜಗಳವಿದೆ. ಜಗಳ ಇಬ್ಬರ ನಡುವೆಯೇ ಮುಗಿಯುತ್ತದೆ. ಆಗ ನಾನು ಲ್ಯಾಬಿಗೆ ಹೋಗುವುದಿಲ್ಲ, ಪಾತ್ರೆ ತೊಳೆಯುತ್ತೇನೆ.

ಹೋಗಬೇಕೆನ್ನಿಸಿದರೆ

ಉಪಯೋಗಕ್ಕೆ ಬರುವ ಕೆಲವು ಮಾತು. ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ವಿವಾಹ ಮತ್ತು ಕುಟುಂಬ ಚಿಕಿತ್ಸಕರಿಗೆ ಸರ್ಕಾರದ ಪರವಾನಗಿ ಉಂಟು. ಸ್ನಾತಕೋತ್ತರ ಪದವಿ, ಮೇಲ್ವಿಚಾರಣೆಯ ಕೆಳಗೆ ದುಡಿಮೆ, ಆಮೇಲೆ ಪರೀಕ್ಷೆ. ಪರವಾನಗಿ ಇದೆಯೇ, ಯಾವ ಪದ್ಧತಿ ಅನುಸರಿಸುತ್ತೀರಿ, ದುಭಾಷಿ ಸಿಗುವರೇ, ನಮ್ಮ ವಿಮೆ ಒಪ್ಪುತ್ತೀರಾ ಎಂದು ಮೊದಲ ಫೋನಿನಲ್ಲೇ ಕೇಳಿ; ಯಾರೂ ತಪ್ಪು ತಿಳಿಯುವುದಿಲ್ಲ. ಮೆಡಿಕೇರ್ ಇರುವ ಹಿರಿಯರಿಗೆ 2024ರ ಜನವರಿಯಿಂದ ಈ ಚಿಕಿತ್ಸಕರ ಸೇವೆಯೂ ಸೇರಿದೆ. ನೀವು ಹೇಳಿದ್ದು ಗುಟ್ಟಾಗಿರುತ್ತದೆ. ಆದರೆ ಮಗುವಿಗೆ ಹಿಂಸೆಯಾಗುತ್ತಿದೆಯೆಂಬ ಸಂದೇಹ ಬಂದರೆ ಅವರು ವರದಿ ಮಾಡಲೇಬೇಕು. ಮೊದಲು ಶರೀರದ ಪರೀಕ್ಷೆ ಮಾಡಿಸಿ. ಪ್ರತಿ ಹೊಟ್ಟೆನೋವಿಗೂ ಮನೆಯೇ ಕಾರಣವಲ್ಲ. ಬದುಕು ಬೇಡವೆನ್ನುವ ಮಾತು ಯಾರ ಬಾಯಿಂದಾದರೂ ಬಂದರೆ ಕಾಯಬೇಡಿ, ಇಲ್ಲಿ 988ಕ್ಕೆ ಫೋನು ಮಾಡಿ. ಊರಿನಲ್ಲಿರುವ ನಿಮ್ಮವರಿಗೆ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್‌ನ 14416 ತಿಳಿಸಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಎಲ್ಲರ ಮನೆ ದೋಸೆಯೂ ತೂತೇ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕೂಟದ ಸಭೆಗಳಲ್ಲಿ ಮಾತ್ರ ನಾವೆಲ್ಲ ತೂತಿಲ್ಲದ ದೋಸೆಯವರಂತೆ ಕೂರುತ್ತೇವೆ. ಯುಗಾದಿಯ ಕಾರ್ಯಕ್ರಮದಲ್ಲಿ ನಾಟಕ, ಅಂತ್ಯಾಕ್ಷರಿಗಳ ನಡುವೆ ಒಂದು ಗಂಟೆ ಬಿಡುವು ಮಾಡಿಕೊಂಡು, ಅರಿತವರೊಬ್ಬರನ್ನು ಕರೆಸಿ ಈ ವಿಷಯ ಮಾತಾಡಿಸಬಾರದೇಕೆ ಎಂದು ಕಾರ್ಯಕಾರಿ ಸಮಿತಿಯನ್ನು ಕೇಳಿದ್ದೇನೆ. ಅಷ್ಟರೊಳಗೆ ಯಾರಿಗಾದರೂ ನಮ್ಮ ಅನುಭವ ಕೇಳಬೇಕೆನ್ನಿಸಿದರೆ, ಮುಂದಿನ ಸಭೆಯಲ್ಲಿ ಕಾಫಿ ಪಾತ್ರೆಯ ಹತ್ತಿರ ನಾನು ಸಿಗುತ್ತೇನೆ. ಅಮ್ಮನೂ ಆ ಹೊತ್ತಿಗೆ ಬಂದಿರುತ್ತಾರೆ. ನನಗಿಂತ ಚೆನ್ನಾಗಿ ಹೇಳುತ್ತಾರೆ.